ಸಗರನಾಡಿನ ನೆಲ ಮತ್ತು ಪದವಿ ತರಗತಿ: ಮಾನವಿಕ ಶಿಕ್ಷಣದ ಸುಧಾರಣೆಯನ್ನು ಕುರಿತು ಕೆಲವು ವಿಚಾರಗಳು

ಯಾದಗಿರಿ, ಶಹಾಪುರ ಮತ್ತು ಸುರಪುರಗಳ ಸುತ್ತಣ ಪ್ರದೇಶವನ್ನು ಸಗರನಾಡೆಂದು ಕರೆಯುವುದು ರೂಢಿಯಲ್ಲಿದೆ. ಶಾಸನಗಳಲ್ಲಿ ಬರುವ ‘ಸಗರ ಮುನ್ನೂರು’ ಎಂಬ ಆಡಳಿತ ವಿಭಾಗದ ನೆನಪು ಈ ಹೆಸರಿನಲ್ಲಿ ಉಳಿದುಕೊಂಡಿದೆ. ಕೃಷ್ಣಾ ಮತ್ತು ಭೀಮಾ ನದಿಗಳ ಬಯಲಿನ ಈ ನಾಡು ವಿದ್ವತ್ ಲೋಕದಲ್ಲಿ ಎರಡು ಕಾರಣಗಳಿಗಾಗಿ ಮತ್ತೆ ಮತ್ತೆ ಪ್ರಸ್ತಾಪಗೊಳ್ಳುತ್ತದೆ. ಮೊದಲನೆಯದು, ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಆದಿಮಾನವ ನೆಲೆಗಳು. ಭಾರತದ ಪ್ರಾಗಿತಿಹಾಸವನ್ನು ಬರೆಯುವ ಯಾವ ವಿದ್ವಾಂಸನೂ ಇವುಗಳನ್ನು ಬಿಟ್ಟು ಮುಂದೆ ಹೋಗಲಾರ. ಎರಡನೆಯದು, ಹಿಂದುಳಿದಿರುವಿಕೆ. ೨೦೧೧ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. ೭೫.೩೬ ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. ೫೧.೮೩ ಮಾತ್ರ, ಅದು ಅಂದಿನ ಮೂವತ್ತು ಜಿಲ್ಲೆಗಳಲ್ಲಿ ಕೊನೆಯ ಸ್ಥಾನ. ೨೦೦೨ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು.

ಈ ಎರಡು ಸಂಗತಿಗಳನ್ನು ನಾವು ಬೇರೆ ಬೇರೆ ಪುಸ್ತಕಗಳಲ್ಲಿ ಓದುತ್ತೇವೆ. ಒಂದು ಪುರಾತತ್ತ್ವದ ವಿಷಯ, ಇನ್ನೊಂದು ಅಭಿವೃದ್ಧಿಯ ವಿಷಯ. ಆದರೆ ಇವೆರಡೂ ಒಂದೆಡೆ ಸಂಧಿಸುತ್ತವೆ. ಆ ಜಾಗ ತಾಲೂಕು ಕೇಂದ್ರದ ಪದವಿ ಕಾಲೇಜಿನ ಬಿ.ಎ. ತರಗತಿ. ಅಲ್ಲಿ ಕುಳಿತಿರುವ ವಿದ್ಯಾರ್ಥಿ ಬಹುತೇಕ ತನ್ನ ಮನೆತನದಲ್ಲಿ ಪದವಿ ಓದುತ್ತಿರುವ ಮೊದಲಿಗ. ಆತನ ಊರಿನ ಹೊಲದಲ್ಲಿಯೇ ದೊರೆತ ಕಲ್ಲಿನ ಆಯುಧವನ್ನು ಕುರಿತು ವಿದೇಶದ ನಿಯತಕಾಲಿಕೆಗಳಲ್ಲಿ ಚರ್ಚೆ ನಡೆದಿದೆ. ಆತನ ಪಠ್ಯದಲ್ಲಿ ಅದಕ್ಕೆ ದೊರೆಯುವುದು ಹೆಚ್ಚೆಂದರೆ ಒಂದು ಸಾಲು. ಸಂಶೋಧನೆಗೂ ಪದವಿ ಬೋಧನೆಗೂ ನಡುವೆ ಬಿದ್ದಿರುವ ಈ ಅಂತರ ಹೇಗೆ ಉಂಟಾಯಿತು, ಅದನ್ನು ಕಿರಿದಾಗಿಸುವ ಬಗೆ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಂಯೋಜಿತ ವ್ಯವಸ್ಥೆಯ ಹಿನ್ನೆಲೆ

ಆಧುನಿಕ ವಿಶ್ವವಿದ್ಯಾಲಯದ ಕಲ್ಪನೆಗೆ ಎರಡು ಮೂಲಗಳಿವೆ. ೧೮೧೦ರಲ್ಲಿ ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಹಂಬೋಲ್ಟ್‌ನ ಪ್ರಯತ್ನದಿಂದ ಸ್ಥಾಪನೆಗೊಂಡ ವಿಶ್ವವಿದ್ಯಾಲಯವು ಬೋಧನೆ ಮತ್ತು ಸಂಶೋಧನೆಗಳು ಒಂದೇ ಕೆಲಸದ ಎರಡು ಮುಖಗಳೆಂದು ಭಾವಿಸಿತು. ಅದಕ್ಕಿಂತ ಭಿನ್ನವಾಗಿ, ೧೮೫೭ರಲ್ಲಿ ಕಲಕತ್ತಾ, ಮುಂಬಯಿ ಮತ್ತು ಮದ್ರಾಸುಗಳಲ್ಲಿ ಆರಂಭವಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿ ಹುಟ್ಟಿದವು. ಪಾಠ ಹೇಳುವುದು ಕಾಲೇಜಿನ ಕೆಲಸ, ಪ್ರಶ್ನಪತ್ರಿಕೆ ಕಳಿಸುವುದು ವಿಶ್ವವಿದ್ಯಾಲಯದ ಕೆಲಸ ಎಂಬ ವಿಂಗಡಣೆ ಅಂದಿನಿಂದ ನಮ್ಮಲ್ಲಿ ಬೇರೂರಿತು. ಮುಂದೆ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ವಿಭಾಗಗಳು ಬೆಳೆದಾಗ ಸಂಶೋಧನೆಯು ಆ ವಿಭಾಗಗಳ ಪಾಲಾಯಿತು. ಪದವಿ ತರಗತಿಗಳು ಸಂಯೋಜಿತ ಕಾಲೇಜುಗಳಲ್ಲಿಯೇ ಉಳಿದವು.

ಸಗರನಾಡಿನ ಮಟ್ಟಿಗೆ ಈ ಚರಿತ್ರೆಗೆ ಇನ್ನೊಂದು ಪದರವಿದೆ. ೧೯೪೮ರವರೆಗೆ ಈ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನ ಮಾಧ್ಯಮವಾಗಿ ಸ್ವೀಕರಿಸಿ, ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು. ಅದಕ್ಕಾಗಿ ಒಂದು ಅನುವಾದ ಸಂಸ್ಥೆಯೇ ದುಡಿಯಿತು. ಆದರೆ ಮನೆಯಲ್ಲಿ ಕನ್ನಡವಾಡುವ ಸುರಪುರದ ಹುಡುಗನಿಗೆ ಅದು ಹತ್ತಿರದ ದಾರಿಯಾಗಿರಲಿಲ್ಲ. ೧೯೫೬ರ ಏಕೀಕರಣದ ಬಳಿಕ ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ನೋಡಬೇಕಾಯಿತು. ೧೯೭೦ರಲ್ಲಿ ಗುಲಬರ್ಗಾದಲ್ಲಿ ಅದರ ಸ್ನಾತಕೋತ್ತರ ಕೇಂದ್ರ ತೆರೆಯಿತು. ೧೯೮೦ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ೨೦೨೦ರ ನಂತರ ರಾಯಚೂರಿನಲ್ಲಿ ಹೊಸ ವಿಶ್ವವಿದ್ಯಾಲಯ ಬಂದು ಯಾದಗಿರಿ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಹೀಗೆ ಎರಡು ತಲೆಮಾರುಗಳ ಅವಧಿಯಲ್ಲಿ ಪದವಿ ಪ್ರಮಾಣಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರು ಮೂರು ಬಾರಿ ಬದಲಾಗಿದೆ. ವಿಶ್ವವಿದ್ಯಾಲಯವು ಭೌಗೋಳಿಕವಾಗಿ ಹತ್ತಿರವಾಗುತ್ತ ಬಂದರೂ ಪದವಿ ತರಗತಿಗೂ ಸಂಶೋಧನ ವಿಭಾಗಕ್ಕೂ ಇರುವ ಸಂಬಂಧದ ಸ್ವರೂಪ ಮಾತ್ರ ಹೆಚ್ಚು ಬದಲಾಗಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಪದವಿಯ ಚೌಕಟ್ಟು ಎರಡು ಸಲ ಕದಲಿದೆ. ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದಿತು. ೨೦೨೪-೨೫ರಿಂದ ರಾಜ್ಯವು ಮರಳಿ ಮೂರು ವರ್ಷಗಳ ಪದವಿಯನ್ನು ಅಂಗೀಕರಿಸಿತು. ಚೌಕಟ್ಟು ಯಾವುದಾದರೂ ಒಳಗಿನ ಬೋಧನಾಕ್ರಮದ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬುದು ಈ ಅನುಭವದಿಂದ ಸ್ಪಷ್ಟವಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯಲ್ಲ. ೧೯೯೮ರಲ್ಲಿ ಅಮೆರಿಕದ ಬಾಯರ್ ಆಯೋಗವು ಅಲ್ಲಿನ ಸಂಶೋಧನ ವಿಶ್ವವಿದ್ಯಾಲಯಗಳ ಪದವಿ ಶಿಕ್ಷಣವನ್ನು ಪರಿಶೀಲಿಸಿ, ವಿಶ್ವವಿದ್ಯಾಲಯದ ಕೀರ್ತಿಗೆ ಕಾರಣವಾದ ಸಂಶೋಧನೆಯ ಫಲ ಅದೇ ಆವರಣದ ಪದವಿ ವಿದ್ಯಾರ್ಥಿಗಳಿಗೆ ತಲುಪುತ್ತಿಲ್ಲವೆಂದು ಕಂಡುಕೊಂಡಿತು. ಮೊದಲ ವರ್ಷದಿಂದಲೇ ಅನ್ವೇಷಣೆಯ ಮೂಲಕ ಕಲಿಕೆ, ಕೊನೆಯ ವರ್ಷದಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸುವ ಒಂದು ಸ್ವತಂತ್ರ ಕಾರ್ಯ ಇರಬೇಕೆಂಬುದು ಅದರ ಸಲಹೆಗಳಲ್ಲಿ ಮುಖ್ಯವಾದುವು. ಅಲ್ಲಿ ಪ್ರಾಧ್ಯಾಪಕ ಮತ್ತು ವಿದ್ಯಾರ್ಥಿ ಒಂದೇ ಆವರಣದಲ್ಲಿದ್ದರೂ ಅಂತರವಿತ್ತು. ನಮ್ಮಲ್ಲಿ ಅವರಿಬ್ಬರ ನಡುವೆ ಸುಮಾರು ನೂರು ಕಿಲೋಮೀಟರುಗಳ ಹಾದಿಯೂ ಇದೆ.

ನೆಲವೇ ಒದಗಿಸುವ ಪಠ್ಯ

ಮಾನವಿಕ ಶಿಕ್ಷಣದ ಉದ್ದೇಶ ವಿದ್ಯಾರ್ಥಿಯಲ್ಲಿ ಮೂರು ಸಾಮರ್ಥ್ಯಗಳನ್ನು ಬೆಳೆಸುವುದೆಂದು ಸ್ಥೂಲವಾಗಿ ಹೇಳಬಹುದು: ಆಧಾರದಿಂದ ತೀರ್ಮಾನಕ್ಕೆ ಬರುವುದು, ಒಂದೇ ಘಟನೆಯ ಭಿನ್ನ ನಿರೂಪಣೆಗಳನ್ನು ತೂಗಿ ನೋಡುವುದು, ಮತ್ತು ತಿಳಿದದ್ದನ್ನು ಸ್ಪಷ್ಟವಾದ ಬರಹದಲ್ಲಿ ಮಂಡಿಸುವುದು. ಈ ಮೂರಕ್ಕೂ ಬೇಕಾದ ಸಾಮಗ್ರಿ ಸಗರನಾಡಿನಲ್ಲಿ ಯಥೇಚ್ಛವಾಗಿದೆ. ಕೆಲವು ನಿದರ್ಶನಗಳನ್ನು ಗಮನಿಸಬಹುದು.

ಹಿಂದಿನ ಸುರಪುರ ತಾಲೂಕಿಗೆ ಸೇರಿದ್ದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಮತ್ತು ಅವರ ಸಹೋದ್ಯೋಗಿಗಳು ೧೯೯೭ರಿಂದ ೨೦೦೧ರವರೆಗೆ ಉತ್ಖನನ ನಡೆಸಿದರು. ಹಳೆಯ ಶಿಲಾಯುಗದ ಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಆಯ್ದು, ಒಡೆದು, ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಕಾರ್ಯಾಗಾರವೇ ಅಲ್ಲಿ ಬೆಳಕಿಗೆ ಬಂದಿತು. ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಈ ನೆಲೆಗೆ ಸುಮಾರು ೧೨ ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಲಾಗಿದೆ. ಪದವಿ ವಿದ್ಯಾರ್ಥಿಗೆ ಇಲ್ಲಿ ಮುಖ್ಯವಾದುದು ಈ ಸಂಖ್ಯೆಯಲ್ಲ. ಒಡೆದ ಚಕ್ಕೆಗಳು ಎಲ್ಲೆಲ್ಲಿ, ಎಷ್ಟೆಷ್ಟು ಬಿದ್ದಿವೆ ಎಂಬುದರಿಂದ ಅಲ್ಲಿ ಕುಳಿತವನು ಏನು ಮಾಡುತ್ತಿದ್ದನೆಂಬ ತೀರ್ಮಾನಕ್ಕೆ ಹೇಗೆ ಬರಲಾಯಿತು ಎಂಬುದು ಮುಖ್ಯ. ತರ್ಕವನ್ನು ಕಲಿಸಲು ಇದಕ್ಕಿಂತ ಸಮೀಪದ ಪಾಠ ಆ ವಿದ್ಯಾರ್ಥಿಗೆ ಸಿಗಲಾರದು.

ಅದೇ ಪ್ರದೇಶದ ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬವೂ ಇಂತಹದೇ. ಇಂಥ ದಿಬ್ಬಗಳ ಬಗ್ಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಗೆಬಗೆಯ ಊಹೆಗಳು ನಡೆದವು. ಅವು ದನಗಳ ಸಗಣಿ ಸುಟ್ಟು ಉಂಟಾದ ರಾಶಿಗಳೆಂಬುದು ಕ್ರಮೇಣ ಖಚಿತವಾಯಿತು. ಬೂದಿಹಾಳದ ಉತ್ಖನನವು ದಿಬ್ಬದ ಪಕ್ಕದಲ್ಲಿ ಜನವಸತಿಯನ್ನೂ ಮಾಂಸ ಕಡಿಯುತ್ತಿದ್ದ ಜಾಗವನ್ನೂ ಗುರುತಿಸಿ, ದನಗಾಹಿ ಸಮುದಾಯದ ಪೂರ್ಣ ಚಿತ್ರವನ್ನು ಒದಗಿಸಿತು. ಇಂದಿಗೂ ದನದ ಹಟ್ಟಿ, ತಿಪ್ಪೆಗಳ ನಡುವೆ ಬೆಳೆದ ವಿದ್ಯಾರ್ಥಿಗೆ ಈ ವಾದಸರಣಿಯನ್ನು ಪರೀಕ್ಷಿಸುವ ಅರ್ಹತೆ ಪಟ್ಟಣದ ವಿದ್ಯಾರ್ಥಿಗಿಂತ ಹೆಚ್ಚೇ ಇದೆ. ಶಹಾಪುರ ತಾಲೂಕಿನ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇರಿಸಿದ ಬೃಹತ್ ಶಿಲೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ವಿವರಿಸಿದ್ದನು, ೧೯೫೬ರಲ್ಲಿ ಎಫ್.ಆರ್. ಆಲ್ಚಿನ್ ಈ ಬಗೆಯ ಶಿಲಾಸಾಲುಗಳ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು. ಅವುಗಳ ಉದ್ದೇಶದ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಯದ ಚರ್ಚೆಯೊಂದನ್ನು ಪದವಿ ತರಗತಿಗೆ ತರುವುದು ತಪ್ಪಲ್ಲ; ಜ್ಞಾನವೆಂದರೆ ಸಿದ್ಧ ಉತ್ತರಗಳ ಪಟ್ಟಿಯೆಂಬ ಭ್ರಮೆ ಅದರಿಂದ ಕಳಚುತ್ತದೆ.

ಚರಿತ್ರೆಯ ವಿದ್ಯಾರ್ಥಿಗೆ ಸುರಪುರವೇ ಒಂದು ಪಾಠಶಾಲೆ. ಮೆಡೋಸ್ ಟೇಲರ್ ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಬೆಳವಣಿಗೆಯನ್ನು ಹತ್ತಿರದಿಂದ ಕಂಡವನು. ಆತನ ಆತ್ಮಕಥೆ ೧೮೭೭ರಲ್ಲಿ ಪ್ರಕಟವಾಯಿತು. ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ನಿಂತ ವೆಂಕಟಪ್ಪ ನಾಯಕನು ಸೆರೆಯಾಗಿ ಅದೇ ವರ್ಷ ಗುಂಡಿಗೆ ಬಲಿಯಾದನು. ಅದು ಆತನೇ ಹಾರಿಸಿಕೊಂಡ ಗುಂಡೆಂಬುದು ಟೇಲರನ ನಿರೂಪಣೆ. ಇದನ್ನು ಸ್ಥಳೀಯರು ಎಲ್ಲರೂ ಒಪ್ಪಿದವರಲ್ಲ. ರಾಜನನ್ನು ಪ್ರೀತಿಸಿದ ಅಧಿಕಾರಿ, ಆ ರಾಜನ ರಾಜ್ಯವನ್ನು ಕಳೆದ ಆಡಳಿತದ ಸೇವಕ — ಇವೆರಡೂ ಆಗಿದ್ದವನ ಬರಹವನ್ನು ಹೇಗೆ ಓದಬೇಕು? ಅದರ ಎದುರಿಗೆ ಜನಪದರ ನೆನಪನ್ನೂ ಅರಮನೆಯ ದಾಖಲೆಗಳನ್ನೂ ಇಟ್ಟು ಹೇಗೆ ತೂಗಬೇಕು? ಆಕರ ವಿಮರ್ಶೆಯೆಂಬ ಶಾಸ್ತ್ರೀಯ ವಿಷಯವು ಇಲ್ಲಿ ಊರಿನ ಮಾತಾಗಿ ವಿದ್ಯಾರ್ಥಿಗೆ ಎದುರಾಗುತ್ತದೆ.

ಕನ್ನಡದ ವಿದ್ಯಾರ್ಥಿಗೆ ವಚನಕಾರ ದೇವರ ದಾಸಿಮಯ್ಯನ ಮುದನೂರು, ಶರಣ ಭೋಗಣ್ಣನ ಕೆಂಭಾವಿ, ಕಾಲಜ್ಞಾನ ಪರಂಪರೆಯ ಕೊಡೇಕಲ್, ಮೌನೇಶ್ವರನ ತಿಂಥಣಿ — ಎಲ್ಲವೂ ಬಸ್ಸಿನ ಹಾದಿಯಲ್ಲಿವೆ. ಕೆಂಭಾವಿ, ಶಿರವಾಳಗಳ ಗುಡಿಗಳಲ್ಲಿ ಶಾಸನಗಳಿವೆ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಡಾ. ಪಿ.ಬಿ. ದೇಸಾಯಿ ಅವರು ಸಂಪಾದಿಸಿದ ಸಂಪುಟ ೧೯೫೮ರಲ್ಲಿಯೇ ಹೊರಬಂದಿದೆ. ಭೀಮೆಯ ದಡದಲ್ಲಿ, ನೆರೆಯ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವೂ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಕೆತ್ತಿದ ಶಿಲ್ಪಫಲಕವೂ ದೊರೆತಿವೆ.

ಸಮಾಜವಿಜ್ಞಾನಗಳ ಮಾತು ಇನ್ನೂ ನೇರವಾದುದು. ೧೯೮೨ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟು ಮತ್ತು ಅದರ ಎಡದಂಡೆ ಕಾಲುವೆ ಈ ತಾಲೂಕುಗಳ ಜೋಳದ ಹೊಲಗಳ ನಡುವೆ ಬತ್ತದ ಗದ್ದೆಗಳನ್ನು ತಂದವು. ಕಾಲುವೆಯ ನೀರು ಬಂದ ಊರು, ಬಾರದ ಊರು, ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ಊರು ಒಂದೇ ತಾಲೂಕಿನಲ್ಲಿವೆ. ಅರೆ ತರಗತಿಯ ವಿದ್ಯಾರ್ಥಿಗಳ ಕುಟುಂಬದವರು ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗಿಬಂದವರೇ ಆಗಿರುವುದುಂಟು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಬಂದ ೩೭೧(ಜೆ) ವಿಧಿ ೨೦೧೩ರಿಂದ ಈ ಪ್ರದೇಶದಲ್ಲಿ ಜಾರಿಯಲ್ಲಿದ್ದು, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಒದಗಿಸಿದೆ. ಆದರೂ ವಲಸೆಯನ್ನು ಅರ್ಥಶಾಸ್ತ್ರದ ಪಠ್ಯದಲ್ಲಿಯೂ, ವಿಶೇಷ ಸ್ಥಾನಮಾನವನ್ನು ರಾಜ್ಯಶಾಸ್ತ್ರದ ಪಠ್ಯದಲ್ಲಿಯೂ ವಿದ್ಯಾರ್ಥಿ ದೂರದ ಸಂಗತಿಗಳಂತೆ ಓದುತ್ತಾನೆ.

ಅಂತರದ ಕಾರಣಗಳು

ಇಷ್ಟು ಸಾಮಗ್ರಿ ತರಗತಿಯನ್ನು ಏಕೆ ತಲುಪಿಲ್ಲ? ಅಧ್ಯಾಪಕರ ನಿರಾಸಕ್ತಿಯೆಂದು ಹೇಳಿ ಮುಗಿಸುವುದು ನ್ಯಾಯವಾಗದು. ಮೊದಲ ಕಾರಣ ಭಾಷೆ. ಇಸಾಂಪುರ, ಬೂದಿಹಾಳಗಳ ವರದಿಗಳು ಇಂಗ್ಲಿಷಿನಲ್ಲಿವೆ. ಟೇಲರನ ಬರಹವೂ ಹಾಗೆಯೇ. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿ, ಅದಕ್ಕೂ ಹಿಂದಿನ ಕಾಗದಪತ್ರಗಳು ಫಾರಸಿಯಲ್ಲಿ ಮತ್ತು ಮೋಡಿ ಲಿಪಿಯಲ್ಲಿವೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತನ್ನ ಊರಿನ ಆಕರಗಳೇ ಓದಲಾಗದ ಬರಹಗಳಾಗಿವೆ. ಈ ಲಿಪಿಗಳನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರೊಂದಿಗೆ ಆ ವಿದ್ಯೆಯೂ ಹೋಗುತ್ತದೆ. ಬಳಿಕ ದಾಖಲೆಗಳು ಇದ್ದೂ ಇಲ್ಲದಂತಾಗುತ್ತವೆ.

ಎರಡನೆಯದು ಪರೀಕ್ಷೆ. ನೂರಾರು ಮೈಲಿ ವ್ಯಾಪ್ತಿಯ ಎಲ್ಲ ಕಾಲೇಜುಗಳಿಗೂ ಒಂದೇ ಪ್ರಶ್ನಪತ್ರಿಕೆ ಇರುವಾಗ ಯಾವುದೇ ಒಂದು ಊರಿನ ವಿಷಯವನ್ನು ಕೇಳುವುದು ಅಸಾಧ್ಯ. ಹೀಗಾಗಿ ಎಲ್ಲರಿಗೂ ಸಮಾನವಾದ, ಯಾರಿಗೂ ಹತ್ತಿರವಲ್ಲದ ವಿಷಯವೇ ಪಠ್ಯವಾಗುತ್ತದೆ. ಅದನ್ನು ಕಲಿಯಲು ಗೈಡುಗಳು ಸಾಕಾಗುತ್ತವೆ. ಮೂರನೆಯದು ಅಧ್ಯಾಪಕರ ಸ್ಥಿತಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ಭಾರದ ಬಹುಪಾಲನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತೇನೆಂಬ ಭರವಸೆಯಿಲ್ಲದವರು ಮೂರು ವರ್ಷಗಳ ಕ್ಷೇತ್ರಕಾರ್ಯವನ್ನು ಯೋಜಿಸುವುದು ಕಷ್ಟ. ನಾಲ್ಕನೆಯದು, ಸಂಶೋಧಕರ ರೂಢಿ. ಹೊರಗಿನಿಂದ ಬಂದ ವಿದ್ವಾಂಸರು ಈ ನೆಲದಲ್ಲಿ ವರ್ಷಗಟ್ಟಲೆ ದುಡಿದು ಅಮೂಲ್ಯ ಗ್ರಂಥಗಳನ್ನು ರಚಿಸಿದ್ದಾರೆ. ಆದರೆ ಆ ಗ್ರಂಥಗಳು ಕನ್ನಡದಲ್ಲಿ ಸ್ಥಳೀಯ ಕಾಲೇಜಿನ ಗ್ರಂಥಾಲಯವನ್ನು ತಲುಪಬೇಕೆಂಬ ನಿಯಮ ಸಂಶೋಧನೆಗೆ ಹಣ ಒದಗಿಸುವ ಸಂಸ್ಥೆಗಳಲ್ಲಿ ಬೆಳೆಯಲಿಲ್ಲ.

ಕೆಲವು ಸಲಹೆಗಳು

ಮೇಲಿನ ಕಾರಣಗಳನ್ನು ಗಮನದಲ್ಲಿಟ್ಟು ಸಾಧ್ಯವಾದ ಸುಧಾರಣೆಗಳನ್ನು ಹೀಗೆ ಸೂಚಿಸಬಹುದು. ಇವುಗಳಿಗೆ ಹೊಸ ಕಟ್ಟಡಗಳು ಬೇಕಾಗಿಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗಳ ನಿರ್ಧಾರ ಬೇಕು.

ಒಂದು, ಬಿ.ಎ. ಪದವಿಯ ಆರು ಸೆಮಿಸ್ಟರುಗಳಲ್ಲಿ ಒಂದು ಪತ್ರಿಕೆಯನ್ನು ‘ಪ್ರಾದೇಶಿಕ ಅನ್ವೇಷಣೆ’ಗಾಗಿ ಮೀಸಲಿಡಬೇಕು. ಪತ್ರಿಕೆಯ ಚೌಕಟ್ಟು ಮತ್ತು ಮೌಲ್ಯಮಾಪನದ ಮಾನದಂಡ ವಿಶ್ವವಿದ್ಯಾಲಯದ್ದಾಗಿರಲಿ. ವಿಷಯದ ಆಯ್ಕೆ ಕಾಲೇಜಿನದಾಗಿರಲಿ. ಒಂದು ಶಾಸನ, ಒಂದು ಕೆರೆ, ಒಂದು ಜಾತ್ರೆ, ಒಂದು ಕಾಲುವೆಯ ಊರು — ಇಷ್ಟೇ ವ್ಯಾಪ್ತಿ ಸಾಕು. ವಿಷಯ ಚಿಕ್ಕದಾದಷ್ಟೂ ವಿದ್ಯಾರ್ಥಿ ಅದನ್ನು ಸ್ವತಃ ನೋಡಿ ಬರೆಯುವ ಸಂಭವ ಹೆಚ್ಚು.

ಎರಡು, ಇಂಥ ಬರಹಗಳು ಬಹಳ ಬೇಗ ನಕಲಿನ ದಾರಿ ಹಿಡಿಯುವುದನ್ನು ಸ್ನಾತಕೋತ್ತರ ಹಂತದ ಕಿರುಪ್ರಬಂಧಗಳಲ್ಲಿ ಕಂಡಿದ್ದೇವೆ. ಇದನ್ನು ತಡೆಯಲು ಅಂತಿಮ ಪ್ರಬಂಧಕ್ಕಿಂತ ಕ್ಷೇತ್ರ ಟಿಪ್ಪಣಿ ಪುಸ್ತಕಕ್ಕೆ ಮತ್ತು ಮೌಖಿಕ ಪರೀಕ್ಷೆಗೆ ಹೆಚ್ಚು ಅಂಕ ನೀಡುವುದು ಒಳಿತು. ಯಾವ ದಿನ ಯಾರನ್ನು ಕಂಡೆ, ಏನು ಕೇಳಿದೆ, ಏನು ಅಳೆದೆ ಎಂಬುದನ್ನು ದಾಖಲಿಸಿದವನಿಗೆ ಗೈಡು ನೆರವಾಗಲಾರದು.

ಮೂರು, ಪ್ರದೇಶವನ್ನು ಕುರಿತ ಪ್ರಮುಖ ಸಂಶೋಧನ ಬರಹಗಳ ಕನ್ನಡ ಸಂಗ್ರಹವೊಂದನ್ನು ಸಿದ್ಧಪಡಿಸಬೇಕು. ಅದು ಸಾರಾಂಶಗಳ ಪುಸ್ತಕವಾಗಬಾರದು. ಆಕರಭಾಗ, ಅದರ ಅನುವಾದ, ವಿದ್ವಾಂಸರ ಭಿನ್ನಾಭಿಪ್ರಾಯ, ವಿದ್ಯಾರ್ಥಿ ತಾನೇ ಉತ್ತರಿಸಬೇಕಾದ ಪ್ರಶ್ನೆ — ಇವಿಷ್ಟೂ ಇರಬೇಕು. ಉಸ್ಮಾನಿಯಾದ ಅನುವಾದ ಸಂಸ್ಥೆ ಉರ್ದುವಿಗಾಗಿ ಮಾಡಿದ ಕೆಲಸವನ್ನು ಒಂದು ಪ್ರದೇಶದ ಮಿತಿಯಲ್ಲಿ ಕನ್ನಡಕ್ಕೆ ಮಾಡುವುದು ಅಸಾಧ್ಯವೇನಲ್ಲ.

ನಾಲ್ಕು, ಲಿಪಿ ತರಬೇತಿ. ಹಳಗನ್ನಡ ಶಾಸನಲಿಪಿ, ಮೋಡಿ ಮತ್ತು ಉರ್ದು ಬರಹಗಳ ಪ್ರಾಥಮಿಕ ಶಿಬಿರಗಳನ್ನು ರಜಾದಿನಗಳಲ್ಲಿ ತಾಲೂಕು ಕೇಂದ್ರಗಳಲ್ಲಿಯೇ ನಡೆಸಬೇಕು. ಒಂದು ತಂಡದ ಎಲ್ಲರೂ ಲಿಪಿತಜ್ಞರಾಗುವುದಿಲ್ಲ. ಆದರೆ ತಾಲೂಕಿಗೆ ಇಬ್ಬರು ಮೂವರು ಯುವಕರು ತಮ್ಮ ಊರಿನ ಹಳೆಯ ಕಾಗದವನ್ನು ಓದಬಲ್ಲವರಾದರೆ, ಹಿರಿಯರೊಂದಿಗೆ ಕೊನೆಗೊಳ್ಳಲಿದ್ದ ಕೊಂಡಿ ಮುಂದುವರಿಯುತ್ತದೆ.

ಐದು, ಈ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಮಾಡುವ ಪ್ರತಿ ಪಿಎಚ್.ಡಿ. ಸಂಶೋಧಕನೂ ಹತ್ತಿರದ ಪದವಿ ಕಾಲೇಜಿನಲ್ಲಿ ಕೆಲವು ದಿನ ಪಾಠ ಮಾಡುವುದನ್ನೂ, ಮಹಾಪ್ರಬಂಧದ ಪ್ರತಿಯನ್ನು ಅಲ್ಲಿನ ಗ್ರಂಥಾಲಯಕ್ಕೆ ನೀಡುವುದನ್ನೂ ಕಡ್ಡಾಯಗೊಳಿಸಬೇಕು. ಅದೇ ರೀತಿ ವಿದ್ಯಾರ್ಥಿಗಳ ಉತ್ತಮ ಟಿಪ್ಪಣಿಗಳನ್ನು ಕಾಲೇಜು ಸಂರಕ್ಷಿಸಬೇಕು. ಹತ್ತು ವರ್ಷಗಳಲ್ಲಿ ಅದು ಮುಂದಿನ ಸಂಶೋಧಕರಿಗೆ ಆಕರವಾಗುತ್ತದೆ. ಆಗ ಪದವಿ ವಿದ್ಯಾರ್ಥಿಯು ಸಂಶೋಧನೆಯ ಫಲವನ್ನು ಪಡೆಯುವವನಾಗಿರುವಂತೆಯೇ ಅದಕ್ಕೆ ಕೊಡುಗೆ ನೀಡುವವನೂ ಆಗುತ್ತಾನೆ.

ಎರಡು ಆಕ್ಷೇಪಗಳು

ಇಂಥ ಶಿಕ್ಷಣ ವಿದ್ಯಾರ್ಥಿಯನ್ನು ಊರಿಗೇ ಕಟ್ಟಿಹಾಕುತ್ತದೆ ಎಂಬ ಆಕ್ಷೇಪ ಬರಬಹುದು. ಸ್ಥಳೀಯತೆ ಹೆಮ್ಮೆಯ ಘೋಷಣೆಯಾಗಿ ಉಳಿದರೆ ಈ ಮಾತು ನಿಜವೇ. ಆದರೆ ಇಸಾಂಪುರವನ್ನು ಅರಿಯಲು ಆಫ್ರಿಕದ ಶಿಲಾಯುಗವನ್ನು ತಿಳಿಯಬೇಕು. ಟೇಲರನನ್ನು ಅರಿಯಲು ವಸಾಹತು ಆಡಳಿತವನ್ನು ತಿಳಿಯಬೇಕು. ಕಾಲುವೆಯ ಜಗಳವನ್ನು ಅರಿಯಲು ನಾಲ್ಕು ರಾಜ್ಯಗಳ ನಡುವಿನ ಕೃಷ್ಣಾ ಜಲವಿವಾದವನ್ನು ತಿಳಿಯಬೇಕು. ಊರಿನಿಂದ ಹೊರಟ ಪ್ರಶ್ನೆ ಊರಿನಲ್ಲಿಯೇ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಬಡ ಕುಟುಂಬದ ವಿದ್ಯಾರ್ಥಿಗೆ ಬೇಕಾಗಿರುವುದು ನೌಕರಿ. ಸ್ಪರ್ಧಾತ್ಮಕ ಪರೀಕ್ಷೆಯ ಸಿದ್ಧತೆಗೇ ಸಮಯ ಸಾಲದಿರುವಾಗ ಶಾಸನ ಓದುವುದೇಕೆ ಎಂದು ಪಾಲಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ಲಘುವಾಗಿ ಕಾಣುವ ಹಕ್ಕು ವಿದ್ವಾಂಸರಿಗಿಲ್ಲ. ಆದರೆ ೩೭೧(ಜೆ) ವಿಧಿಯು ಅವಕಾಶದ ಬಾಗಿಲನ್ನು ತೆರೆಯಬಲ್ಲದೇ ಹೊರತು ಒಳಗೆ ಹೋದವನಿಗೆ ಸ್ವತಂತ್ರವಾಗಿ ಓದಿ, ವಿವೇಚಿಸಿ, ಬರೆಯುವ ಶಕ್ತಿಯನ್ನು ಕೊಡಲಾರದು. ಮುಂದೆ ಆತನೇ ಗ್ರಾಮ ಆಡಳಿತಾಧಿಕಾರಿಯಾಗಿ, ಶಿಕ್ಷಕನಾಗಿ, ಪತ್ರಕರ್ತನಾಗಿ ಇದೇ ಜಿಲ್ಲೆಯಲ್ಲಿ ಕೆಲಸ ಮಾಡುವನು. ದಾಖಲೆಯನ್ನು ಪರೀಕ್ಷಿಸುವ, ಎರಡು ಹೇಳಿಕೆಗಳನ್ನು ತೂಗುವ ಅಭ್ಯಾಸ ಅಲ್ಲೆಲ್ಲ ಬೇಕಾಗುತ್ತದೆ. ಅದನ್ನು ನಗರದ ವಿದ್ಯಾರ್ಥಿಗೆ ಮಾತ್ರ ಕಲಿಸಿ, ಸಗರನಾಡಿನ ವಿದ್ಯಾರ್ಥಿಗೆ ಬಾಯಿಪಾಠವನ್ನು ಬಿಡುವುದು ಪ್ರಾದೇಶಿಕ ಅಸಮಾನತೆಯ ಇನ್ನೊಂದು ರೂಪ. ಅದನ್ನು ಯಾವ ಸಮಿತಿಯ ಸೂಚ್ಯಂಕವೂ ಅಳೆಯುವುದಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಸಗರನಾಡಿನಲ್ಲಿ ಪದವಿ ಹಂತದ ಮಾನವಿಕ ಶಿಕ್ಷಣದ ಸುಧಾರಣೆಗೆ ಬೇಕಾದ ಜ್ಞಾನ ಈಗಾಗಲೇ ಸಂಪಾದಿತವಾಗಿದೆ. ಅದು ವರದಿಗಳಲ್ಲಿ, ಸಂಪುಟಗಳಲ್ಲಿ, ದೂರದ ಗ್ರಂಥಾಲಯಗಳಲ್ಲಿ ಇದೆ. ಅದನ್ನು ಆ ನೆಲದ ಮಕ್ಕಳ ತರಗತಿಗೆ ಅವರ ಭಾಷೆಯಲ್ಲಿ ತಂದು, ಅದನ್ನು ಪರೀಕ್ಷಿಸುವ ವಿಧಾನವನ್ನೂ ಅವರಿಗೆ ಕಲಿಸುವುದು ಉಳಿದಿರುವ ಕೆಲಸ. ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಈ ಹೊಣೆಯನ್ನು ಹಂಚಿಕೊಳ್ಳಬೇಕಾಗಿದೆ. ಇಂಥ ಸಂಪುಟವೊಂದರ ಪ್ರತಿ ಯಾದಗಿರಿ, ಶಹಾಪುರ, ಸುರಪುರಗಳ ಕಾಲೇಜು ಗ್ರಂಥಾಲಯಗಳಿಗೆ ತಲುಪಿ, ಅಲ್ಲಿಯ ವಿದ್ಯಾರ್ಥಿಯೊಬ್ಬನು ಇದರಲ್ಲಿನ ತಪ್ಪನ್ನು ತನ್ನ ಕ್ಷೇತ್ರ ಟಿಪ್ಪಣಿಯ ಆಧಾರದಿಂದ ತಿದ್ದುವಂತಾದರೆ, ಆ ಹೊಣೆ ಸ್ವಲ್ಪಮಟ್ಟಿಗಾದರೂ ನೆರವೇರಿತೆಂದು ತಿಳಿಯಬಹುದು.